ಮೊದಲು ಹೇಳಿ, ಕೊಯ್ಯುವುದು ಏನನ್ನು?

ಮನೆಯ ಹಿಂದಿನ ಶೆಡ್ಡಿನಲ್ಲಿ ಚಾಕು, ಕತ್ತಿ ಮಾಡಿಕೊಳ್ಳುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದದ್ದೇ ತಡ, ಸಂಪಾದಕರು ಪತ್ರಗಳ ಒಂದು ಕಟ್ಟನ್ನೇ ಸಾಗರದ ನಮ್ಮ ಮನೆಗೆ ಕಳಿಸಿದ್ದಾರೆ. ಮುಕ್ಕಾಲು ಪಾಲು ಜನ ಕೇಳಿರುವುದು "ಒಳ್ಳೇ ಚಾಕು ಮಾಡೋದು ಹೇಗೆ" ಎಂದು. ಯಾವ ಕೆಲಸಕ್ಕೆ ಎಂದು ಬರೆದವರು ಕಡಿಮೆ. ಬೆಂಗಳೂರಿನ ಪೀಣ್ಯದಲ್ಲಿ, ಉಕ್ಕನ್ನು ಕಾಯಿಸಿ ತಣಿಸಿ ಹದ ಹಾಕುವ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ ದುಡಿಯುತ್ತಿದ್ದಾಗ ಗಿರಾಕಿ ತಂದ ತುಂಡನ್ನು ಫರ್ನೇಸಿಗೆ ಇಳಿಸುವ ಮುಂಚೆ ನಾವು ಕೇಳುತ್ತಿದ್ದುದು ಒಂದೇ: ಇದು ಏನು ಕೆಲಸ ಮಾಡುತ್ತೆ? ನಿವೃತ್ತಿಯಾದರೂ ಆ ಚಾಳಿ ಬಿಟ್ಟಿಲ್ಲ. ಬಾಳೆಕಾಯಿ ಹೆಚ್ಚುವ ಚಾಕು ಬೇರೆ, ಬೇಲಿ ಸವರುವ ಕತ್ತಿ ಬೇರೆ. ಉಕ್ಕು ಯಾವುದು, ದಪ್ಪ ಎಷ್ಟು, ಹದ ಹೇಗೆ ಎನ್ನುವುದೆಲ್ಲ ಆಮೇಲಿನ ಮಾತು.

ಗುಜರಿ ಅಂಗಡಿಯಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟು ಕೆಜಿ ಲೆಕ್ಕದಲ್ಲಿ ಸಿಗುತ್ತೆ. ಅದರಲ್ಲೇ ಅಡುಗೆಮನೆ ಚಾಕು ಮಾಡಬಹುದಾ ಸರ್? ಆನ್‌ಲೈನ್ ನೋಡಿದರೆ ನೂರೆಂಟು ನಂಬರಿನ ಉಕ್ಕು ಹೇಳ್ತಾರೆ, ತಲೆ ಕೆಟ್ಟಿದೆ.
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಮಾಡಬಹುದು. ಆದರೆ ಮೊದಲ ಚಾಕುವಿಗೆ ಅದು ಬೇಡ.

ಲಾರಿ ಪ್ಲೇಟು ಸಾಮಾನ್ಯವಾಗಿ ಇಎನ್ 45 ಜಾತಿಯ ಉಕ್ಕು. ಕಾರ್ಬನ್ ಶೇ. 0.5ರಿಂದ 0.6, ಜೊತೆಗೆ ಒಂದಿಷ್ಟು ಸಿಲಿಕಾನ್. ಭಾರ ಬಿದ್ದಾಗ ಬಾಗಿ, ಇಳಿದಾಗ ನೆಟ್ಟಗಾಗುವುದಕ್ಕೆಂದೇ ಮಾಡಿದ್ದು. ಹಾಗಾಗಿ ಏಟು ತಿನ್ನುವ ಮಚ್ಚು, ಸೌದೆ ಕತ್ತಿ, ಕುಡುಗೋಲಿಗೆ ಅದು ಹೇಳಿ ಮಾಡಿಸಿದ್ದು. ನಮ್ಮೂರ ಕಮ್ಮಾರರು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಟೊಮ್ಯಾಟೊ ಸಿಪ್ಪೆಯ ಮೇಲೆ ಜಾರದೆ ಇಳಿಯಬೇಕಾದ ತೆಳು ಬಾಯಿಗೆ ಮಾತ್ರ ಇನ್ನಷ್ಟು ಕಾರ್ಬನ್ ಇದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತದೆ.

ಇನ್ನೊಂದು ತೊಂದರೆ ದಪ್ಪದ್ದು. ಎಂಟು ಹತ್ತು ಮಿ.ಮೀ. ಪ್ಲೇಟನ್ನು ಎರಡು ಮಿ.ಮೀ.ಗೆ ತರಲು ಕುಲುಮೆ, ಅಡಿಗಲ್ಲು, ಸುತ್ತಿಗೆ, ತೋಳು ನಾಲ್ಕೂ ಬೇಕು. ನಿಮ್ಮ ಹತ್ತಿರ ಇರುವುದು ನಾಲ್ಕಿಂಚಿನ ಆಂಗಲ್ ಗ್ರೈಂಡರ್ ಎಂದು ಬರೆದಿದ್ದೀರಿ. ಅದರಲ್ಲಿ ಉಜ್ಜುತ್ತ ಕೂತರೆ ಉಕ್ಕಿಗಿಂತ ಮೊದಲು ಬೆನ್ನು ಸವೆಯುತ್ತದೆ. ಜೊತೆಗೆ ಹತ್ತಾರು ವರ್ಷ ಗುಂಡಿ ಬಿದ್ದ ರಸ್ತೆಯಲ್ಲಿ ಕುಣಿದ ಪ್ಲೇಟಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರಬಹುದು. ಎಲ್ಲ ಕೆಲಸ ಮುಗಿದು, ಕಾದ ಉಕ್ಕನ್ನು ಗಡಸಾಗಲೆಂದು ಎಣ್ಣೆಗೆ ಅದ್ದಿದ ಮೇಲೆ ಅದು ಬಾಯಿ ಬಿಡುತ್ತದೆ.

ಟೂಲ್ ಸ್ಟೀಲ್ ಮಾರುವ ಅಂಗಡಿಗೆ ಹೋಗಿ ಓಎಚ್‌ಎನ್‌ಎಸ್ ಎಂದು ಕೇಳಿ. ಎಣ್ಣೆಯಲ್ಲಿ ಗಡಸಾಗುವ, ಹೆಚ್ಚು ಸೊಟ್ಟಗಾಗದ ಉಕ್ಕು. ಅಚ್ಚು, ಡೈ ಮಾಡುವವರ ನಿತ್ಯದ ಸಾಮಾನು. ಕಾರ್ಬನ್ ಶೇ. 0.9ರ ಆಸುಪಾಸು. ಮೆತ್ತಗಿನ ಸ್ಥಿತಿಯಲ್ಲೇ ಬರುವುದರಿಂದ ಗರಗಸ, ಅರ ಎರಡೂ ಅದರ ಮೇಲೆ ನಡೆಯುತ್ತವೆ. ಎರಡೂವರೆ ಮೂರು ಮಿ.ಮೀ. ಪಟ್ಟಿಯ ತುಂಡು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದ ನೂರೆಂಟು ನಂಬರುಗಳನ್ನು ಸದ್ಯ ಮರೆತುಬಿಡಿ. ಹದ ಕೆಟ್ಟ ದುಬಾರಿ ಉಕ್ಕಿಗಿಂತ ಹದ ಸರಿಯಾದ ಸಾದಾ ಉಕ್ಕು ಮೇಲು. ಶಾಪಿನಲ್ಲಿ ಗಡಸು ಅಳೆಯುವ ರಾಕ್‌ವೆಲ್ ಮೀಟರಿನ ಮುಂದೆ ಕೂತವರಿಗೆಲ್ಲ ಇದು ಗೊತ್ತು.

ಗುಜರಿ ಉಕ್ಕೇ ಬೇಕೆಂದರೆ ಮೊದಲು ಪರೀಕ್ಷೆ ಮಾಡಿ. ಬೆರಳುದ್ದದ ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ, ಎಣ್ಣೆಗೆ ಅದ್ದಿ. ವೈಸಿನಲ್ಲಿ ಕಚ್ಚಿಸಿ, ಮೇಲೆ ಬಟ್ಟೆ ಹೊದಿಸಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಿರಿ. ಪಟ್ಟನೆ ಮುರಿದರೆ ಚಾಕುವಿಗೆ ಆಗುತ್ತದೆ. ಬಾಗಿದರೆ ವಾಪಸು ಗುಜರಿಗೆ.

ಮನೆ ಕಟ್ಟಿಸಿದಾಗ ಉಳಿದ ಟಿಎಂಟಿ ಕಂಬಿ ಬೇಕಾದಷ್ಟು ಬಿದ್ದಿದೆ. ಅದನ್ನು ಬಡಿದು ಚಾಕು ಮಾಡಬಹುದೆ?
— ಶಿಕ್ಷಕರು, ಚಿತ್ರದುರ್ಗ

ಆಕಾರ ಬರುತ್ತದೆ, ಹರಿತ ಬರುವುದಿಲ್ಲ. ಕಾರ್ಬನ್ ಶೇ. 0.25ರ ಹತ್ತಿರ, ಅಷ್ಟರಲ್ಲಿ ಗಡಸು ಹದ ಕೂರದು. ಇಕ್ಕಳ ಮಾಡಿಕೊಳ್ಳಿ, ಕುಲುಮೆ ಕೆದಕುವ ಸಲಾಕೆ ಮಾಡಿಕೊಳ್ಳಿ. ಬಡಿಯುವ ಕೈಗೆ ಒಳ್ಳೆಯ ಅಭ್ಯಾಸ.

ಪವರ್ ಹ್ಯಾಕ್ಸಾ ಬ್ಲೇಡಿನಿಂದ ಮಾಡಿದ ಚಾಕು ನಮ್ಮ ಕಡೆ ಸಂತೆಯಲ್ಲಿ ಮಾರುತ್ತಾರೆ. ಹಿಡಿಗೆ ರೆಕ್ಸಿನ್ ಸುತ್ತಿರುತ್ತಾರೆ. ಬಹಳ ಹರಿತ. ಆದರೆ ನಾನು ಮಾಡಲು ಹೋದರೆ ಡ್ರಿಲ್ ಬಿಟ್‌ಗಳೇ ಸುಟ್ಟು ಹೋಗುತ್ತಿವೆ.
— ವೆಲ್ಡರ್, ಹುಬ್ಬಳ್ಳಿ

ಡ್ರಿಲ್ ಬಿಟ್ಟೂ ಹೈಸ್ಪೀಡ್ ಸ್ಟೀಲು, ಬ್ಲೇಡೂ ಹೈಸ್ಪೀಡ್ ಸ್ಟೀಲು. ಅಣ್ಣತಮ್ಮಂದಿರ ಜಗಳದಲ್ಲಿ ಗೆಲ್ಲುವವರು ಯಾರು? ಕಾರ್ಬೈಡಿನ ಡ್ರಿಲ್ ಬಿಟ್ ತನ್ನಿ. ಅಥವಾ ತೂತೇ ಬೇಡ, ಎರಡು ಹೋಳು ಮರದ ನಡುವೆ ಇಟ್ಟು ಎಪಾಕ್ಸಿಯಲ್ಲಿ ಅಂಟಿಸಿ ಮೇಲೆ ಬಿಗಿಯಾಗಿ ದಾರ ಸುತ್ತಿ. ಸಂತೆಯವರು ರೆಕ್ಸಿನ್ ಸುತ್ತುವುದರ ಗುಟ್ಟೂ ಅದೇ.

ಈ ಉಕ್ಕಿನ ಗುಣ ಏನೆಂದರೆ ಗ್ರೈಂಡರಿನಲ್ಲಿ ಬಿಸಿಯಾದರೂ ಹದ ಬೇಗ ಹೋಗುವುದಿಲ್ಲ. 500 ಡಿಗ್ರಿ ದಾಟಿದರೂ ತಡೆದುಕೊಳ್ಳುತ್ತದೆ. ಸಾದಾ ಕಾರ್ಬನ್ ಉಕ್ಕಾದರೆ ಬಾಯಿ ನೀಲಿ ತಿರುಗಿದ ಕ್ಷಣವೇ ಮುಗಿಯಿತು. ಹಾಗಾಗಿ ಹದದ ಗೋಜಿಲ್ಲದೆ ಬರೀ ಉಜ್ಜಿ ಚಾಕು ಮಾಡಲು ಇದು ಸುಲಭದ ದಾರಿ. ಕುಲುಮೆಯಲ್ಲಿ ಕಾಯಿಸಿ ಮತ್ತೆ ಹದ ಹಾಕುತ್ತೇನೆ ಎನ್ನಬೇಡಿ. ಅದಕ್ಕೆ 1200 ಡಿಗ್ರಿ ಮುಟ್ಟಬೇಕು, ಮನೆಯಲ್ಲಿ ಆಗುವ ಮಾತಲ್ಲ. ಮತ್ತೆ, ಈಗೀಗ ಬೈಮೆಟಲ್ ಬ್ಲೇಡೂ ಬರುತ್ತಿವೆ. ಅವುಗಳಲ್ಲಿ ಹಲ್ಲು ಮಾತ್ರ ಹೈಸ್ಪೀಡ್. ನೀವು ಹಲ್ಲು ಉಜ್ಜಿ ತೆಗೆದರೆ ಒಳ್ಳೆಯ ಉಕ್ಕೂ ಅದರ ಜೊತೆ ಹೋಯಿತು. ಸಂಧಿಯಲ್ಲಿ ತೆಳು ಗೆರೆ ಕಾಣುತ್ತದೆ, ನೋಡಿ ತನ್ನಿ.

ಒಂದು ಎಚ್ಚರಿಕೆ: ಇಂಥ ಚಾಕು ಬಿದ್ದರೆ ಮುರಿಯುತ್ತದೆ. ಮೂಳೆ, ತೆಂಗಿನಕಾಯಿ ಕಡೆ ಕೊಂಡೊಯ್ಯಬೇಡಿ.

ಅಣ್ಣಾ, ನನ್ನ ಹತ್ತಿರ ಎಲೆಕ್ಟ್ರಿಕ್ ಫರ್ನೇಸ್ ಇಲ್ಲ, ಥರ್ಮಾಮೀಟರೂ ಇಲ್ಲ. ಇದ್ದಿಲು ಉಂಟು, ಹಳೇ ತಿದಿ ಉಂಟು. ಹದ ಹಾಕಲು ಆಗುತ್ತದಾ? ಒಂದೊಂದೇ ಹಂತ ಬಿಡಿಸಿ ಹೇಳಿ.
— ಅಡಿಕೆ ತೋಟದವರು, ತೀರ್ಥಹಳ್ಳಿ

ನಿಮ್ಮ ಪತ್ರ ಓದಿ ಖುಷಿಯಾಯಿತು. ಇದಕ್ಕೆ ಉದ್ದ ಉತ್ತರವೇ ಬೇಕು.

ತಿದಿ ಇದ್ದರೆ ಸಾಕು. ಇದ್ದಿಲು ಗಟ್ಟಿ ಮರದ್ದಾಗಲಿ, ತೆಂಗಿನ ಚಿಪ್ಪಿನದಾಗಲಿ. ಚಿಪ್ಪಿನ ಇದ್ದಿಲು ಜೋರು ಕಾವು, ತುಸು ನೋಡಿಕೊಂಡು ಊದಿ. ಶೆಡ್ಡಿನಲ್ಲಿ ನೆರಳಿರಬೇಕು. ಬಿಸಿಲಲ್ಲಿ ಉಕ್ಕಿನ ಕೆಂಪು ಕಣ್ಣಿಗೆ ಸಿಗದೆ ಜನ ಅಳತೆ ಮೀರಿ ಕಾಯಿಸುತ್ತಾರೆ. ನಾನು ಹದದ ಕೆಲಸ ಇಟ್ಟುಕೊಳ್ಳುವುದು ದೀಪ ಹಚ್ಚುವ ಹೊತ್ತಿಗೆ.

ಎಣ್ಣೆಗೆ ಅದ್ದುವ ಮೊದಲು ಚಾಕುವಿನ ಬಾಯಿ ತೀರ ತೆಳುವಾಗಿರಬಾರದು. ಒಂದು ಮಿ.ಮೀ.ಗಿಂತ ಸ್ವಲ್ಪ ಹೆಚ್ಚೇ ದಪ್ಪ ಬಿಡಿ. ತೆಳುವಾದರೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ, ಬೆಂಕಿಯಲ್ಲಿ ಬಾಯಿಯ ಕಾರ್ಬನ್ನೂ ಉರಿದುಹೋಗುತ್ತದೆ. ಉಜ್ಜಿದ ಗೀರುಗಳು ಅಡ್ಡಡ್ಡ ಉಳಿದಿದ್ದರೆ ಉದ್ದಕ್ಕೆ ಉಜ್ಜಿ ಅಳಿಸಿ. ಹಿಡಿಯೊಳಗೆ ಹೋಗುವ ಬಾಲ ಮತ್ತು ಅಲಗು ಸೇರುವ ಮೂಲೆ ಚೌಕವಾಗಿರದೆ ದುಂಡಗಿರಲಿ.

ಬಡಿದು ಮಾಡಿದ ಚಾಕುವಾದರೆ ಮೊದಲು ಕೆಂಪಗೆ ಕಾಯಿಸಿ ಗಾಳಿಯಲ್ಲಿ ತಾನಾಗಿ ಆರಲು ಬಿಡಿ. ಹೀಗೆ ಮೂರು ಸಲ, ಪ್ರತಿ ಸಲವೂ ಕಾವು ಹಿಂದಿನದಕ್ಕಿಂತ ತುಸು ಕಡಿಮೆ. ಬಡಿತದಲ್ಲಿ ಒರಟಾದ ಒಳಗಿನ ಕಣ ಇದರಿಂದ ಮತ್ತೆ ಸಣ್ಣಗಾಗುತ್ತದೆ. ಬಹಳ ಜನ ಈ ಹಂತವನ್ನೇ ಹಾರಿಸುತ್ತಾರೆ, ಆಮೇಲೆ ಉಕ್ಕನ್ನು ಬೈಯುತ್ತಾರೆ.

ಈಗ ಕಾವಿನ ಅಳತೆ. ಥರ್ಮಾಮೀಟರ್ ಇಲ್ಲದಿದ್ದರೆ ಕಂಬಿಯ ತುದಿಗೆ ಒಂದು ಅಯಸ್ಕಾಂತ ಕಟ್ಟಿಕೊಳ್ಳಿ. 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದು ಬಿಡುತ್ತದೆ. ಅದು ಬಿಟ್ಟ ಕ್ಷಣದ ಬಣ್ಣ ನೋಡಿಟ್ಟುಕೊಂಡು ಇನ್ನೊಂದು ಛಾಯೆ ಮೇಲೆ ಹೋಗಿ. ಓಎಚ್‌ಎನ್‌ಎಸ್‌ಗೆ 800ರ ಸುತ್ತಮುತ್ತ ಸಾಕು. ಸಿಲಿಕಾನ್ ಇರುವ ಲಾರಿ ಪ್ಲೇಟಿಗೆ ಇನ್ನಷ್ಟು ಬೇಕು, 880ರ ಹತ್ತಿರ. ಅಲಗು ಉದ್ದಕ್ಕೂ ಒಂದೇ ಬಣ್ಣಕ್ಕೆ ಬರಬೇಕು. ಮೊನೆ ಮೊದಲು ಕೆಂಪಾಗುತ್ತದೆ, ಹಿಂದೆ ಮುಂದೆ ಆಡಿಸುತ್ತಿರಿ. ಗಾಳಿ ನಿಲ್ಲಿಸಿ ಬರೀ ಕೆಂಡದ ಕಾವಿನಲ್ಲಿ ಕೊನೆಯ ಒಂದೆರಡು ನಿಮಿಷ ಇರಿಸುವುದು ನನ್ನ ಪದ್ಧತಿ.

ಎಣ್ಣೆ: ಸೂರ್ಯಕಾಂತಿ, ಶೇಂಗಾ, ಯಾವುದಾದರೂ ಆದೀತು. ಬೋಂಡ ಕರಿದು ಉಳಿದದ್ದೂ ನಡೆಯುತ್ತದೆ, ನೀರಿನಂಶ ಇರಬಾರದು ಅಷ್ಟೆ. ಸುಟ್ಟ ಇಂಜಿನ್ ಆಯಿಲ್ ಬೇಡವೇ ಬೇಡ. ಅದರ ಹೊಗೆ ಎದೆಗೆ ಕೆಟ್ಟದ್ದು. ಎಣ್ಣೆ 50-60 ಡಿಗ್ರಿ ಬೆಚ್ಚಗಿರಲಿ. ತಣ್ಣಗಿನ ಎಣ್ಣೆ ಮಂದ, ಉಕ್ಕನ್ನು ನಿಧಾನಕ್ಕೆ ತಣಿಸುತ್ತದೆ. ಬೆಚ್ಚಗಿದ್ದರೆ ತೆಳುವಾಗಿ ಬೇಗ ಬಿಸಿ ಎಳೆದುಕೊಳ್ಳುತ್ತದೆ. ಪಾತ್ರೆ ಕಬ್ಬಿಣದ್ದು, ಆಳ ಸಾಕಷ್ಟು, ಮುಚ್ಚಲು ತಗಡು ಪಕ್ಕದಲ್ಲೇ. ಉರಿ ಎದ್ದರೆ ತಗಡು ಮುಚ್ಚಿ. ನೀರು ಮಾತ್ರ ಹಾಕಬೇಡಿ. ಮೊನೆ ಕೆಳಗೆ ಮಾಡಿ ನೆಟ್ಟಗೆ ಇಳಿಸಿ, ಹಿಂದೆ ಮುಂದೆ ಆಡಿಸಿ. ಪಕ್ಕಕ್ಕೆ ಅಲ್ಲಾಡಿಸಿದರೆ ಬಿಲ್ಲಾಗುತ್ತದೆ. ಹೊಗೆ ನಿಂತ ಕೂಡಲೆ ತೆಗೆದು, ಕೈಗವಸು ಹಾಕಿಕೊಂಡು, ಸೊಟ್ಟಗಾಗಿದ್ದರೆ ಆಗಲೇ ನೆಟ್ಟಗೆ ಮಾಡಿ. ಪೂರ್ತಿ ತಣ್ಣಗಾದ ಮೇಲೆ ಬಗ್ಗಿಸಲು ಹೋದರೆ ಎರಡು ತುಂಡು.

ಹೊಸ ಅರದ ಮೂಲೆಯಿಂದ ಬಾಯಿಯ ಮೇಲೆ ಎಳೆದು ನೋಡಿ. ಕಚ್ಚದೆ ಜಾರಿದರೆ ಗಡಸು ಕೂತಿದೆ.

ಆದರೆ ಈ ಸ್ಥಿತಿಯಲ್ಲಿ ಅದು ಚಾಕು ಅಲ್ಲ, ಗಾಜು. ಅದೇ ಸಂಜೆ, ಆದಷ್ಟು ಬೇಗ, ಹದ ಇಳಿಸಬೇಕು, ಅಂದರೆ ಮೆಲ್ಲಗೆ ಕಾಯಿಸಿ ಗಡಸು ತುಸು ತಗ್ಗಿಸಬೇಕು. ಮನೆಯಲ್ಲಿ ಕೇಕ್ ಮಾಡುವ ಓಟಿಜಿ ಇದ್ದರೆ 200 ಡಿಗ್ರಿಯಲ್ಲಿ ಎರಡು ತಾಸು, ತಣಿಸಿ ಮತ್ತೆ ಎರಡು ತಾಸು. ಓಟಿಜಿಯ ಗುಂಡಿ ತೋರಿಸುವ ಸಂಖ್ಯೆ ನಂಬಬೇಡಿ. ಮರಳು ತುಂಬಿದ ತಟ್ಟೆಯಲ್ಲಿ ಚಾಕು ಹೂತಿಟ್ಟರೆ ಕಾವಿನ ಏರಿಳಿತ ಕಡಿಮೆ. ಅಡುಗೆಮನೆ ಚಾಕುವಿಗೆ ಈ ಲೆಕ್ಕ. ಲಾರಿ ಪ್ಲೇಟಿನ ಸೌದೆ ಕತ್ತಿಗೆ ಹದ ಇನ್ನೂ ಇಳಿಸಿ, ಕಾವು 250ರಿಂದ 280 ಡಿಗ್ರಿ. ಗಡಸು ತುಸು ಹೋಗುತ್ತದೆ, ಬದಲಿಗೆ ಗಂಟು ಮರಕ್ಕೆ ಹೊಡೆದರೂ ಚಕ್ಕೆ ಏಳುವುದಿಲ್ಲ.

ಓಟಿಜಿಯೂ ಇಲ್ಲವೋ? ಹಾಗಾದರೆ ನಮ್ಮ ಕಮ್ಮಾರಸಾಲೆಯ ಪದ್ಧತಿ ಕಲಿಯಿರಿ. ನನಗಂತೂ ಶಾಪಿನ ಸಾಲ್ಟ್ ಬಾತ್‌ಗಿಂತ (ಕಾದ ಉಪ್ಪು ಕರಗಿಸಿಟ್ಟ ತೊಟ್ಟಿ) ಇದೇ ಚಂದ. ಪೂರ್ತಿ ಕಾದ ಕತ್ತಿಯ ಬಾಯಿಯ ಕಡೆಯನ್ನು ಮಾತ್ರ, ಒಂದು ಬೆರಳಗಲ, ಅದ್ದುತ್ತಾರೆ. ಬೆನ್ನು ಇನ್ನೂ ಕೆಂಪಗೇ ಇರುತ್ತದೆ. ಕೂಡಲೆ ಹೊರಗೆ ತೆಗೆದು ಬಾಯಿಯನ್ನು ಇಟ್ಟಿಗೆ ಚೂರಿನಿಂದ ಎರಡು ಸಲ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನ ಕಾವು ಬಾಯಿಯ ಕಡೆ ಇಳಿಯುತ್ತ ಬರುತ್ತದೆ, ಬೆಳ್ಳಗಿದ್ದ ಜಾಗದಲ್ಲಿ ಬಣ್ಣ ಏಳುತ್ತದೆ: ಮೊದಲು ಒಣಹುಲ್ಲಿನ ತೆಳು ಹಳದಿ, ಅದು ಸುಮಾರು 210-220 ಡಿಗ್ರಿ. ಆಮೇಲೆ ಕಂದು, 250. ನಂತರ ನೇರಳೆ, ಕೊನೆಗೆ ನೀಲಿ, 290-300. ಬೇಕಾದ ಬಣ್ಣ ಬಾಯಿ ಮುಟ್ಟಿದ ಕ್ಷಣಕ್ಕೆ ಮತ್ತೆ ಅದ್ದಿ ನಿಲ್ಲಿಸುವುದು. ಚಾಕುವಿಗೆ ಹಳದಿ, ಕತ್ತಿಗೆ ಕಂದು-ನೇರಳೆಯ ನಡುವೆ. ಬಾಯಿ ಗಡಸು, ಬೆನ್ನು ಮೆದು, ಎರಡೂ ಒಂದೇ ಕಾವಿನಲ್ಲಿ. ಬಣ್ಣ ಓಡುವ ವೇಗಕ್ಕೆ ಮೊದಮೊದಲು ಕಣ್ಣು ಹೊಂದುವುದಿಲ್ಲ. ಗುಜರಿ ತುಂಡುಗಳ ಮೇಲೆ ಅಭ್ಯಾಸ ಮಾಡಿ. ನಿಮ್ಮ ಕಡೆ ಇನ್ನೂ ಕೆಲಸ ಮಾಡುವ ಕಮ್ಮಾರರು ಇದ್ದಾರೆ. ಎಲೆ ಅಡಿಕೆ ಹಿಡಿದುಕೊಂಡು ಹೋಗಿ ಅರ್ಧ ದಿನ ಕೂತು ನೋಡಿದರೆ ನನ್ನ ಈ ಇಡೀ ಉತ್ತರ ಬೇಕಾಗುವುದಿಲ್ಲ.

ಎಣ್ಣೆಗೆ ಹಾಕಿದೆ, ಒಳಗಿಂದ "ಟಿಣ್" ಎಂದಿತು. ಚಾಕು ನಡುವೆ ಸೀಳಿದೆ. ಏನು ಕಾರಣ?
— ಐಟಿಐ ತರಬೇತುದಾರ, ಕಲಬುರಗಿ

ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಮುರಿದ ಮುಖ ಸಕ್ಕರೆ ಹರಳಿನ ಹಾಗೆ ಮಿನುಗುತ್ತಿದೆ. ಅಂದರೆ ಕಾವು ಮೀರಿತ್ತು, ಕಣ ದೊಡ್ಡದಾಗಿ ಬೆಳೆದಿತ್ತು. ಸರಿಯಾದ ಹದದಲ್ಲಿ ಮುರಿದ ಮುಖ ಬೂದುಬಣ್ಣಕ್ಕೆ ನುಣ್ಣಗಿರಬೇಕು. ನಿಮ್ಮದು ಹಳೇ ಬೇರಿಂಗಿನ ಉಕ್ಕು, ಶೇ. 1 ಕಾರ್ಬನ್, ಶೇ. 1.5 ಕ್ರೋಮಿಯಂ. ಅದು ಕಾವಿನ ವಿಷಯದಲ್ಲಿ ಸ್ಪ್ರಿಂಗ್ ಉಕ್ಕಿನಷ್ಟು ಸಹಿಸಿಕೊಳ್ಳುವುದಿಲ್ಲ. ವಿದ್ಯಾರ್ಥಿಗಳಿಗೆ ಈ ತುಂಡನ್ನೇ ತೋರಿಸಿ, ಇನ್ನೊಂದು ತುಂಡು ಕಡಿಮೆ ಕಾವಿನಲ್ಲಿ ಮಾಡಿ ಮುರಿದು ಎರಡನ್ನೂ ಅಕ್ಕಪಕ್ಕ ಇಡಿ. ಪುಸ್ತಕದ ಹತ್ತು ಪುಟಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ನಾವು ಇರುವುದು ಫ್ಲ್ಯಾಟಿನ ನಾಲ್ಕನೇ ಮಹಡಿ. ಬಾಲ್ಕನಿಯೇ ನನ್ನ ವರ್ಕ್‌ಶಾಪ್. ಗ್ರೈಂಡರ್ ಹಚ್ಚಿದರೆ ಅಸೋಸಿಯೇಷನ್‌ನವರು ಬಾಗಿಲು ಬಡಿಯುತ್ತಾರೆ. ಈ ಹವ್ಯಾಸ ಬಿಡಬೇಕೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಗ್ರೈಂಡರ್ ಬಿಡಿ, ಹವ್ಯಾಸ ಬಿಡಬೇಡಿ. ಮೆತ್ತಗಿನ ಸ್ಥಿತಿಯ ಉಕ್ಕು, ಒಂದು ಗಟ್ಟಿ ವೈಸ್, ಹನ್ನೆರಡಿಂಚಿನ ಒರಟು ಅರ, ಎಂಟಿಂಚಿನ ನುಣುಪು ಅರ, ಹ್ಯಾಕ್ಸಾ, ಡ್ರಿಲ್ ಇಷ್ಟಿದ್ದರೆ ಸಾಕು. ಆಕಾರವನ್ನು ಮಾರ್ಕರಿನಿಂದ ಬರೆದು, ಹೊರಗೆರೆಗುಂಟ ಸಾಲಾಗಿ ಡ್ರಿಲ್ ತೂತು ಕೊರೆದು, ಹ್ಯಾಕ್ಸಾದಲ್ಲಿ ಬಿಡಿಸಿಕೊಳ್ಳಿ. ಇಳಿಜಾರು ಉಜ್ಜುವಾಗ ಅರ ಅಲುಗದಿರಲು ಒಂದು ಹಲಗೆಯ ಮೇಲೆ ಚಾಕು ಕಟ್ಟಿ, ಮುಂದೆ ಒಂದು ಉದ್ದನೆ ಕಣ್ಣಿನ ಬೋಲ್ಟು ನಿಲ್ಲಿಸಿ. ಅರದ ತುದಿಗೆ ಕಂಬಿ ಜೋಡಿಸಿ ಆ ಕಣ್ಣಿನೊಳಗೆ ಹಾಯಿಸಿದರೆ ಕೋನ ಬದಲಾಗುವುದಿಲ್ಲ. ಒಂದು ಭಾನುವಾರದಲ್ಲಿ ಮುಗಿಯದು. ಆದರೆ ಕೈಯರದಲ್ಲಿ ಒಂದು ಗೀರು ತಪ್ಪಿದರೆ ತಿದ್ದಬಹುದು. 11,000 ಆರ್‌ಪಿಎಂ ಗ್ರೈಂಡರಿನಲ್ಲಿ ತಪ್ಪಿದರೆ ತಿದ್ದಲು ಉಕ್ಕೇ ಇರುವುದಿಲ್ಲ.

ಬಾಲ್ಕನಿಯಲ್ಲಿ ಬೆಂಕಿ ಮಾತ್ರ ಖಂಡಿತ ಬೇಡ. ಅಡುಗೆಯ 14.2 ಕೆಜಿ ಸಿಲಿಂಡರಿಗೆ ಬರ್ನರ್ ಜೋಡಿಸಿ ಕುಲುಮೆ ಮಾಡುವ ವಿಡಿಯೊ ನೋಡಿದ್ದೀರಂತೆ. ಅಡುಗೆ ಗ್ಯಾಸನ್ನು ಅಡುಗೆ ಬಿಟ್ಟು ಬೇರೆಯದಕ್ಕೆ ಬಳಸುವುದು ಕಾನೂನಿಗೂ ವಿರುದ್ಧ, ಮೇಲಿನ ಮಹಡಿಯವರ ಜೀವಕ್ಕೂ ಅಪಾಯ. ನಿಮಗೆ ಅದರ ಅಗತ್ಯವೇ ಇಲ್ಲ. ಪೀಣ್ಯ ನಿಮ್ಮ ಊರಲ್ಲೇ ಇದೆ. ಉಕ್ಕಿನ ಹೆಸರು, ಬೇಕಾದ ಗಡಸು (ತರಕಾರಿ ಚಾಕುವಿಗೆ ರಾಕ್‌ವೆಲ್ ಅಳತೆಯಲ್ಲಿ 58ರಿಂದ 60 ಎಚ್‌ಆರ್‌ಸಿ) ಚೀಟಿಯಲ್ಲಿ ಬರೆದು ಹೀಟ್ ಟ್ರೀಟ್‌ಮೆಂಟ್ ಶಾಪಿಗೆ ಕೊಡಿ. ಒಂದೇ ಚಾಕು ಒಯ್ದರೆ ಮುಖ ಸಿಂಡರಿಸುತ್ತಾರೆ. ನಾಲ್ಕೈದು ಒಟ್ಟು ಮಾಡಿಕೊಂಡು ಹೋಗಿ, ಬೇರೆಯವರ ಬ್ಯಾಚಿನ ಜೊತೆ ಹಾಕಿಸಿ ಎಂದು ವಿನಯದಿಂದ ಕೇಳಿ. ಸ್ಟೇನ್‌ಲೆಸ್ ಉಕ್ಕಿನ ಚಾಕು ಬೇಕೆಂದರಂತೂ ಇದೇ ದಾರಿ, ಅದಕ್ಕೆ 1000 ಡಿಗ್ರಿಯ ಮೇಲಿನ ನಿಖರ ಕಾವು ಬೇಕು.

ಉಜ್ಜುವಾಗ ಎನ್95 ಮಾಸ್ಕ್ ಹಾಕಿ. ಹಿಡಿಯ ಮರದ ಹುಡಿ ಉಕ್ಕಿನ ಹುಡಿಗಿಂತ ಕಡಿಮೆಯ ಶತ್ರುವೇನಲ್ಲ.

ನಮ್ಮ ಮನೆಯಲ್ಲಿ ಅತ್ತೆಯ ಕಾಲದ ಮೆಟ್ಟುಕತ್ತಿ (ಈಳಿಗೆಮಣೆ) ಉಂಟು. ಮಗ ಅದೇ ಉಕ್ಕಿನಲ್ಲಿ ನನಗೊಂದು ಚಾಕು ಮಾಡಿಕೊಟ್ಟಿದ್ದಾನೆ. ಬಾಳೆಕಾಯಿ, ಮಾವಿನಕಾಯಿ ಕೊಯ್ದರೆ ಕಪ್ಪಾಗುತ್ತದೆ, ಪಲ್ಯವೂ ಕಪ್ಪು. ಹಲಸಿನ ಮೇಣ ಬೇರೆ. ಸ್ಟೀಲಿನದ್ದೇ ಒಳ್ಳೆಯದಿತ್ತಾ?
— ಗೃಹಿಣಿ, ಪುತ್ತೂರು

ಅಮ್ಮಾ, ಮಗನಿಗೆ ಹಾಗೆ ಹೇಳಬೇಡಿ. ಕಪ್ಪಾಗುವುದು ಕಾರ್ಬನ್ ಉಕ್ಕಿನ ಸ್ವಭಾವ. ಬಾಳೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣ ಬರುತ್ತದೆ. ಹುಳಿ ತಾಗಿದರೆ ಇನ್ನೂ ಬೇಗ. ದಿನಾ ಬಳಸುತ್ತ ಹೋದರೆ ಅಲಗಿನ ಮೇಲೆ ಬೂದು-ನೀಲಿ ಪದರ ಕೂರುತ್ತದೆ, ಆಮೇಲೆ ತರಕಾರಿಗೆ ಬಣ್ಣ ಬಿಡುವುದು ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಅತ್ತೆಯ ಮೆಟ್ಟುಕತ್ತಿ ಪಲ್ಯ ಕಪ್ಪು ಮಾಡದಿರುವುದು ಅದಕ್ಕೇ. ಹೊಸ ಚಾಕು ಹೊಳೆಯುತ್ತಿರಲಿ ಎಂದು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೀರಲ್ಲ, ಅದನ್ನು ನಿಲ್ಲಿಸಿ. ಆ ಪದರ ನಿಲ್ಲಲು ನೀವೇ ಬಿಡುತ್ತಿಲ್ಲ.

ಕೆಂಪು ತುಕ್ಕು ಮಾತ್ರ ಬರಬಾರದು. ಕೊಯ್ದಾದ ಕೂಡಲೆ ತೊಳೆದು ಒರೆಸಿ, ಮಳೆಗಾಲದಲ್ಲಿ ಒಂದು ತೊಟ್ಟು ತೆಂಗಿನೆಣ್ಣೆ. ಸಿಂಕಿನಲ್ಲಿ ನೆನೆಹಾಕಬೇಡಿ. ಹಲಸಿನ ಮೇಣದ ವಿಷಯ ನಾನು ನಿಮಗೆ ಹೇಳಬೇಕೇ? ಕೊಯ್ಯುವ ಮುಂಚೆ ಅಲಗಿಗೂ ಕೈಗೂ ಎಣ್ಣೆ ಸವರುವುದು ನಿಮ್ಮ ಕಡೆಯವರೇ ಕಲಿಸಿದ್ದು.

ಅಜ್ಜನ ಕಾಲದ ಕಡವೆ ಕೊಂಬು ಅಟ್ಟದ ಮೇಲಿದೆ. ಚಾಕುವಿಗೆ ಅದರ ಹಿಡಿ ಹಾಕಿದರೆ ಎಷ್ಟು ಚಂದ!
— ಕಾಫಿ ಬೆಳೆಗಾರ, ಮಡಿಕೇರಿ

ಚಂದವೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕಡವೆ, ಜಿಂಕೆಯ ಕೊಂಬು ಕಾಡಿನಲ್ಲಿ ತಾನಾಗಿ ಉದುರಿ ಬಿದ್ದದ್ದಾದರೂ ಮನೆಗೆ ತರುವಂತಿಲ್ಲ, ಮಾರುವಂತಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇದ್ದವರೂ ಅರಣ್ಯ ಇಲಾಖೆಯನ್ನು ಕೇಳದೆ ಅದಕ್ಕೆ ಗರಗಸ ಇಡಬಾರದು. ಚಾಕು ಮಾಡಿ ಫೋಟೋ ಹಾಕುವವರು ಇದನ್ನು ಮರೆತೇ ಬಿಡುತ್ತಾರೆ.

ಮರವೇ ಇರಲಿ. ನನಗೆ ಇಷ್ಟ ಹುಣಸೆಯ ಚೇಗು, ಕರಿಜಾಲಿ, ಹಳೇ ಹಲಸಿನ ತೊಲೆಯ ತುಂಡು. ಮನೆ ಕೆಡವುವಲ್ಲಿ ಹಲಸಿನ ತೊಲೆ ಸಿಗುತ್ತದೆ, ವರ್ಷಗಟ್ಟಲೆ ಒಣಗಿದ ಮರ, ಇನ್ನು ಕುಗ್ಗುವುದಿಲ್ಲ. ಬೀಟೆ ಬೇಕೆಂದರೆ ಹಳೇ ಪೀಠೋಪಕರಣದ ತುಂಡು ಹುಡುಕಿ. ಚಾಕು ಹೊರದೇಶಕ್ಕೆ ಹೋಗುವುದಿದ್ದರೆ ಬೀಟೆ ಬೇಡ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅದರ ಮೇಲೆ ನಿರ್ಬಂಧ ಇದೆ. ತೋಟದ ಕತ್ತಿಗೆ ಎಪಾಕ್ಸಿ, ಹಿತ್ತಾಳೆ ಮೊಳೆ ಯಾವುದೂ ಬೇಡ. ಹಿಡಿಗೆ ತೂತು ಕೊರೆದು, ಅರಗಿನ ಪುಡಿ ತುಂಬಿ, ಬಾಲವನ್ನು ಕಾಯಿಸಿ ಇಳಿಸಿ, ಮೇಲೊಂದು ಕಬ್ಬಿಣದ ಬಳೆ. ಹಿಡಿ ಮುರಿದ ದಿನ ಮತ್ತೆ ಕಾಯಿಸಿದರೆ ಕೈಗೆ ಬರುತ್ತದೆ. ಎಪಾಕ್ಸಿಯಲ್ಲಿ ಅಂಟಿಸಿದ ಹಿಡಿಯನ್ನು ಬಿಡಿಸುವುದು ಅಷ್ಟು ಸಲೀಸಲ್ಲ.

ಇಲ್ಲಿ "ಡಮಾಸ್ಕಸ್" ಚಾಕು ಎಂದು ಅಲೆಅಲೆ ಗೆರೆಯ ಚಾಕು ಮಾರುತ್ತಾರೆ. ಅದು ನಮ್ಮ ಮೈಸೂರು ಸೀಮೆಯ ಉಕ್ಕು ಅಂತ ಒಬ್ಬರು ಹೇಳಿದರು. ಹೌದೇ?
— ದುಬೈ ಕನ್ನಡಿಗ

ನಿಮ್ಮ ಕೈಯಲ್ಲಿರುವುದು ಅಲ್ಲ. ಈಗ ಮಾರುವ ಡಮಾಸ್ಕಸ್ ಎಂದರೆ ಎರಡು ಬಗೆಯ ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಕಾಯಿಸಿ, ಬಡಿದು ಬೆಸೆದು, ಮಡಚಿ ಮತ್ತೆ ಬಡಿದದ್ದು. ಆಮೇಲೆ ಉಕ್ಕನ್ನು ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಒಂದು ಉಕ್ಕು ಕಪ್ಪಾಗುತ್ತದೆ, ನಿಕಲ್ ಇರುವ ಇನ್ನೊಂದು ಬೆಳ್ಳಗೇ ಉಳಿಯುತ್ತದೆ. ಒಳ್ಳೆಯ ಕೈಕೆಲಸ, ಆದರೆ ಬಾಯಿಯ ಹರಿತಕ್ಕೂ ಗೆರೆಗೂ ಸಂಬಂಧ ಇಲ್ಲ. ಅಗ್ಗದ ಚಾಕುಗಳಲ್ಲಂತೂ ಗೆರೆ ಬರೀ ಮೇಲೆ ಅಚ್ಚೊತ್ತಿದ್ದು. ಒಂದು ಮೂಲೆ ಎಮರಿ ಪೇಪರಿನಲ್ಲಿ ಉಜ್ಜಿ, ಫೆರಿಕ್ ಕ್ಲೋರೈಡ್ ತೊಟ್ಟು ಹಾಕಿದಾಗ ಗೆರೆ ಮತ್ತೆ ಬರದಿದ್ದರೆ ಮೋಸ.

ನಿಮಗೆ ಹೇಳಿದವರ ಮಾತಿನಲ್ಲಿ ನಿಜವೂ ಇದೆ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರು, ತಂಗಡಿ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ಗಂಟೆಗಟ್ಟಲೆ ಉರಿಸಿ ಉಕ್ಕಿನ ಗಟ್ಟಿ ತೆಗೆಯುತ್ತಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಹಳೇ ಕಾಲದ ಡಮಾಸ್ಕಸ್ ಕತ್ತಿ ಹುಟ್ಟಿದ್ದು ಇಂಥ ಗಟ್ಟಿಯಿಂದ. ಅದನ್ನು ಮೆಲ್ಲಗೆ, ಕಡಿಮೆ ಕಾವಿನಲ್ಲಿ ಬಡಿದಾಗ ಒಳಗಿನ ಕಾರ್ಬೈಡ್ (ಕಬ್ಬಿಣ, ಕಾರ್ಬನ್ ಸೇರಿದ ಗಡಸು ಕಣ) ಸಾಲುಗಟ್ಟಿ ಗೆರೆಯಾಗಿ ಕಾಣುತ್ತಿತ್ತು, ಬೆಸುಗೆಯಿಂದಲ್ಲ. 1819ರಲ್ಲಿ ಲಂಡನ್ನಿನಲ್ಲಿ ಇದರ ವಿಶ್ಲೇಷಣೆ ಪ್ರಕಟಿಸಿದವನು ವಿಜ್ಞಾನಿ ಮೈಕೆಲ್ ಫ್ಯಾರಡೆ. ಅವನಪ್ಪ ಕಮ್ಮಾರ ಎನ್ನುವುದು ನನಗೆ ಇಷ್ಟವಾದ ಸಂಗತಿ. ಉಕ್ಕಿನಲ್ಲಿ ಲವಲೇಶ ವನೇಡಿಯಂ ಇರುವುದು ಆ ಗೆರೆ ಮೂಡಲು ಕಾರಣ ಎಂದು 1990ರ ದಶಕದ ಸಂಶೋಧನೆ ತೋರಿಸಿತು.

ಊರಿಗೆ ಬರುವಾಗ ಆ ಚಾಕು ತರುವುದಿದ್ದರೆ ಕೈಚೀಲದಲ್ಲಿ ಇಡಬೇಡಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿಡಿ.

ಮಾಡಿದ ಚಾಕು ಮಾರಲು ಲೈಸೆನ್ಸ್ ಬೇಕಾ? ಪೊಲೀಸರು ಬಂದರೆ?
— ಮೈಸೂರು

1959ರ ಶಸ್ತ್ರಾಸ್ತ್ರ ಕಾಯ್ದೆಯೇ ಮನೆಬಳಕೆ, ಕೃಷಿಗೆಂದಷ್ಟೇ ಮಾಡಿದ ಸಾಮಾನನ್ನು ಆಯುಧದ ಲೆಕ್ಕದಿಂದ ಹೊರಗಿಟ್ಟಿದೆ. ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಆಯುಧ ಎಂಬ ಗೆರೆ ಇದೆ. ಅದಕ್ಕೂ ಮನೆ, ಕೃಷಿ, ಕೈಗಾರಿಕೆಯ ಬಳಕೆಯವು ಹೊರತು. ತರಕಾರಿ ಚಾಕು, ಮಚ್ಚು, ಕುಡುಗೋಲು ಮಾಡಿದರೆ ಚಿಂತೆಯಿಲ್ಲ. ಕಠಾರಿ, ಖಡ್ಗ, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಎಂದರೆ ಆಗ ಬೇರೆ ಮಾತು. ಸಿನಿಮಾ ನೋಡಿ ಅಂಥದ್ದು ಮಾಡಿಕೊಡಿ ಎನ್ನುವ ಹುಡುಗರು ಬರುತ್ತಾರೆ. ಏನು ಕೊಯ್ಯಲಿಕ್ಕೆ ಎಂದು ಕೇಳಿ. ಉತ್ತರ ತಡವರಿಸಿದರೆ ಕಳಿಸಿಬಿಡಿ. ವ್ಯಾಪಾರ ದೊಡ್ಡದಾಗಿ ಮಾಡುವುದಿದ್ದರೆ ವಕೀಲರನ್ನು ಒಮ್ಮೆ ಕಾಣಿ.

ಸಾಣೆ ಹಿಡಿದು ವಾರ ಆಗುವುದರೊಳಗೆ ಮೊಂಡಾಗುತ್ತದೆ. ಹದ ತಪ್ಪಿದೆಯಾ?
— ಕ್ಯಾಂಟೀನ್ ನಡೆಸುವವರು, ಮಂಡ್ಯ

ಇರಬಹುದು, ಆದರೆ ಮೊದಲು ಬಾಯಿಯ ದಪ್ಪ ನೋಡಿ. ಮನೆಯಲ್ಲಿ ಮಾಡಿದ ಚಾಕುಗಳ ದೊಡ್ಡ ರೋಗ ದಪ್ಪ. ಹದ ಮುಗಿದ ಮೇಲೆ ಉಜ್ಜಿ, ಸಾಣೆಗೆ ಮುಂಚೆಯೇ ಬಾಯಿಯನ್ನು ಅರ್ಧ ಮಿ.ಮೀ.ಗಿಂತ ತೆಳು ಮಾಡಿರಬೇಕು, ಇಲ್ಲವಾದರೆ ಈರುಳ್ಳಿ ಕೊಯ್ಯುವುದಿಲ್ಲ, ಸೀಳುತ್ತದೆ. ಕಲ್ಲಿನ ಮೇಲೆ ಕೋನ ಒಂದೊಂದು ಬದಿಗೆ 15 ಡಿಗ್ರಿ. ಅಲಗು 40 ಮಿ.ಮೀ. ಅಗಲ ಇದ್ದರೆ ಬೆನ್ನು ಕಲ್ಲಿನಿಂದ 10 ಮಿ.ಮೀ. ಎದ್ದಿರಲಿ, ಲೆಕ್ಕ ಸರಿಹೋಗುತ್ತದೆ. ಸೊಪ್ಪು-ಸೋರೆಗೆ ಇದು, ಕುಂಬಳಕಾಯಿ ಒಡೆಯುವ ಚಾಕುವಿಗೆ 20. ಮೊದಲು 400 ಗ್ರಿಟ್‌ನ ಒರಟು ಕಲ್ಲು, ಆಮೇಲೆ 1000ದ ನುಣುಪು ಕಲ್ಲು. ಒಂದು ಬದಿ ಉಜ್ಜಿ ಇನ್ನೊಂದು ಬದಿಯಲ್ಲಿ ಉಕ್ಕು ಮಡಚಿ ಎದ್ದ ಸಣ್ಣ ಮಡಿಕೆ ಬೆರಳಿಗೆ ಸಿಕ್ಕಿದ ಮೇಲೆಯೇ ಬದಿ ಬದಲಿಸಿ. ಕೊನೆಗೆ ಹಳೇ ಬೆಲ್ಟಿನ ಚರ್ಮದ ಮೇಲೆ ಹಿಂದಕ್ಕೆ ಎಳೆದು ಆ ಮಡಿಕೆ ಬೀಳಿಸಿ. ಆ ಮಡಿಕೆ ಬೀಳಿಸದೆ ಬಿಡುವುದರಿಂದಲೇ ಬಹಳ ಚಾಕುಗಳು ಎರಡೇ ದಿನಕ್ಕೆ ಮೊಂಡಾದಂತೆ ಕಾಣುತ್ತವೆ.

ಇನ್ನೊಂದು, ನಿಮ್ಮ ಫೋಟೋದಲ್ಲಿ ಚಾಕು ಇಟ್ಟಿರುವುದು ಗ್ರಾನೈಟ್ ಕಟ್ಟೆಯ ಮೇಲೆ. ಅದರ ಮೇಲೇ ಹೆಚ್ಚುತ್ತಿದ್ದರೆ ಯಾವ ಉಕ್ಕೂ ಉಳಿಯುವುದಿಲ್ಲ. ಮರದ ಮಣೆ ತನ್ನಿ.

ನಮ್ಮ ಅಜ್ಜಿಯ ಅಡಕತ್ತರಿ ಮೊಂಡಾಗಿದೆ, ಕೀಲೂ ಸಡಿಲ. ನಿಮಗೆ ಕೊರಿಯರ್ ಮಾಡಿದರೆ ಸರಿ ಮಾಡಿಕೊಡುತ್ತೀರಾ?
— ಶಿರಸಿ

ಕಳಿಸಬೇಡಿ. ಕೀಲಿನ ಮೊಳೆಯನ್ನು ಅಡಿಗಲ್ಲಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ನಾಲ್ಕು ಬಡಿದರೆ ಬಿಗಿಯಾಗುತ್ತದೆ. ಹರಿತ ಮಾಡುವುದು ಮೇಲಿನ ಅಲಗನ್ನು ಮಾತ್ರ, ಅದೂ ಹೊರಬದಿಯಿಂದ. ಒಳಬದಿ ಚಪ್ಪಟೆಯಾಗಿಯೇ ಇರಬೇಕು, ಅಲ್ಲಿ ಕಲ್ಲು ಮುಟ್ಟಿಸಿದರೆ ಅಡಿಕೆ ಹೋಳಾಗದೆ ಜಾರುತ್ತದೆ. ಇಷ್ಟಕ್ಕೆ ಕೊರಿಯರ್ ದುಡ್ಡು ಯಾಕೆ? ನಿಮ್ಮ ಪೇಟೆಯ ಕಮ್ಮಾರರ ಹತ್ತಿರ ಹೋಗಿ, ಚಹಾ ಕುಡಿಯುವಷ್ಟರಲ್ಲಿ ಮುಗಿಸಿಕೊಡುತ್ತಾರೆ. ದುಡ್ಡು ಅವರಿಗೇ ಕೊಡಿ.